ಕಡಲ ಪಂಕ್ತಿಯೂ ಶರಣರ ದಾಸೋಹವೂ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದನ್ನು ಭಾರತದ ಪ್ರಾಚೀನರು ಮತ್ಸ್ಯನ್ಯಾಯವೆಂದು ಕರೆದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಮಹಾಭಾರತದ ಶಾಂತಿಪರ್ವದಲ್ಲಿಯೂ ಈ ವಿಚಾರವು ಬಂದಿದೆ. ದಂಡವನ್ನು ಹಿಡಿದ ಅರಸನಿಲ್ಲದ ನಾಡಿನಲ್ಲಿ ಬಲವುಳ್ಳವನು ಬಲಹೀನನನ್ನು ತಿಂದುಹಾಕುವನೆಂಬುದು ಅದರ ತಾತ್ಪರ್ಯ. ಅಂದಿನಿಂದ ಕಡಲೆಂದರೆ ಕಟ್ಟಳೆಯಿಲ್ಲದ ತಾಣ, ಬಾಯಿ ದೊಡ್ಡದಿದ್ದವನೇ ಅಲ್ಲಿ ಒಡೆಯ, ಎಂಬ ಭಾವನೆ ಜನಮನದಲ್ಲಿ ನೆಲೆಯೂರಿತು. ಒಬ್ಬನ ತುತ್ತನ್ನು ಮತ್ತೊಬ್ಬನು ಕಸಿದುಕೊಂಡಾಗ, ಲೋಕದ ರೀತಿಯೇ ಹೀಗೆ, ಮೀನುಗಳನ್ನು ನೋಡಬಾರದೆ, ಎಂದು ಸಮಾಧಾನ ಹೇಳಿಕೊಳ್ಳುವವರೂ ಉಂಟು. ತನ್ನ ಅನ್ಯಾಯಕ್ಕೆ ಮೀನನ್ನು ಸಾಕ್ಷಿಗೆ ಕರೆಯುವ ಈ ವಾದವು ಎಷ್ಟರ ಮಟ್ಟಿಗೆ ನಿಲ್ಲತಕ್ಕುದು? ಕಡಲಿನೊಳಗೆ ವಾಸ್ತವವಾಗಿ ನಡೆಯುವುದೇನು? ಕರೆದ ಸಾಕ್ಷಿಯು ನುಡಿಯುವುದೇನೆಂಬುದನ್ನು ಕೇಳದೆ ತೀರ್ಪು ಕೊಡುವುದು ವಿಚಾರವಂತರಿಗೆ ತಕ್ಕುದಲ್ಲ.

ಅಮೆರಿಕ ಖಂಡಗಳ ಪಶ್ಚಿಮಕ್ಕೆ, ಮೆಕ್ಸಿಕೋ ದೇಶದ ಕರಾವಳಿಯಿಂದ ಪೆರು ದೇಶದ ಕರಾವಳಿಯವರೆಗೆ, ಶಾಂತಸಾಗರದ ಉಷ್ಣವಲಯದ ಪೂರ್ವಭಾಗವು ಹರಡಿಕೊಂಡಿದೆ. ಆ ನೀರಿನಲ್ಲಿ ವಿಚಿತ್ರವಾದ ಒಂದು ಸಹವಾಸವು ಕಂಡುಬರುತ್ತದೆ. ಮೈಮೇಲೆ ಚುಕ್ಕೆಗಳುಳ್ಳ ಡಾಲ್ಫಿನ್‌ಗಳು ನೂರಾರು ಸಂಖ್ಯೆಯಲ್ಲಿ ಗುಂಪುಗೂಡಿ ಸಾಗುತ್ತವೆ. ನೀರಿನಿಂದ ಮೇಲಕ್ಕೆ ನೆಗೆದು ಬುಗುರಿಯಂತೆ ಸುತ್ತುವ ಸ್ಪಿನ್ನರ್ ಡಾಲ್ಫಿನ್‌ಗಳು ಅನೇಕ ವೇಳೆ ಅವುಗಳ ಜೊತೆಗೂಡುತ್ತವೆ. ಈ ಗುಂಪಿನ ಕೆಳಗೆ, ಅದೇ ದಿಕ್ಕಿನಲ್ಲಿ, ಅದೇ ವೇಗದಲ್ಲಿ, ಹಳದಿ ರೆಕ್ಕೆಯ ಟ್ಯೂನಾ ಎಂಬ ದೊಡ್ಡ ಮೀನುಗಳ ಹಿಂಡು ಈಜುತ್ತಿರುತ್ತದೆ. ಮೇಲೆ ಆಕಾಶದಲ್ಲಿ ಕಡಲಹಕ್ಕಿಗಳ ಮೇಳ. ಡಾಲ್ಫಿನ್ ಮೀನಿನ ಆಕಾರದಲ್ಲಿದ್ದರೂ ಮೀನಲ್ಲ. ಅದು ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡಿಸುವ ಪ್ರಾಣಿ. ಟ್ಯೂನಾ ಮೊಟ್ಟೆಯಿಡುವ ಮೀನು. ಹುಟ್ಟಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಕುಲಗಳು ಒಂದೇ ದಾರಿಯನ್ನು ಹಿಡಿದು ಮೈಲಿಗಟ್ಟಲೆ ಒಟ್ಟಿಗೆ ಸಾಗುವುದಕ್ಕೆ ಕಾರಣವೇನು?

ಮೊದಮೊದಲು ಎಲ್ಲರೂ ಊಹಿಸಿದುದು ಅನ್ನದ ಕಾರಣವನ್ನೇ. ಡಾಲ್ಫಿನ್ ಜಾಣಪ್ರಾಣಿ, ತಾನು ಹೊರಡಿಸಿದ ಶಬ್ದದ ಮಾರ್ದನಿಯಿಂದ ದೂರದ ಬೇಟೆಯನ್ನು ಅರಿಯಬಲ್ಲುದು. ಆದುದರಿಂದ ಟ್ಯೂನಾ ಅದನ್ನು ಹಿಂಬಾಲಿಸಿ ಅದರ ಊಟದಲ್ಲಿ ಪಾಲು ಪಡೆಯುತ್ತಿರಬೇಕು ಎಂಬುದು ಆ ಊಹೆ. 1973ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಟ್ಟಿಗೆ ಬಲೆಗೆ ಬಿದ್ದ ಡಾಲ್ಫಿನ್ ಮತ್ತು ಟ್ಯೂನಾಗಳ ಜಠರಗಳನ್ನು ಪರೀಕ್ಷಿಸಲಾಯಿತು. ಚುಕ್ಕೆ ಡಾಲ್ಫಿನ್ ಮತ್ತು ಟ್ಯೂನಾಗಳ ಆಹಾರದಲ್ಲಿ ಸಮಾನವಾದವು ಬಹಳವಿದ್ದುವು. ಸ್ಪಿನ್ನರ್ ಡಾಲ್ಫಿನ್ನಿನ ಆಹಾರವಾದರೋ ಹೆಚ್ಚು ಆಳದ ನೀರಿನ ಜೀವಿಗಳಾಗಿದ್ದುವು. ಮೇಲುನೋಟಕ್ಕೆ ಇದು ಮೊದಲಿನ ಊಹೆಯನ್ನೇ ಬಲಪಡಿಸುವಂತಿತ್ತು.

ಆದರೆ 2012ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆಯು ವಿಷಯವನ್ನು ಬೇರೊಂದು ಬೆಳಕಿನಲ್ಲಿ ತೋರಿಸಿತು. ಮೈಕೆಲ್ ಸ್ಕಾಟ್ ಮತ್ತು ಅವರ ಸಂಗಡಿಗರು ಡಾಲ್ಫಿನ್‌ಗಳಿಗೂ ಟ್ಯೂನಾಗಳಿಗೂ ಸಂಕೇತ ಕಳುಹುವ ಸಣ್ಣ ಉಪಕರಣಗಳನ್ನು ಜೋಡಿಸಿ, ಎರಡರ ಚಲನೆಯನ್ನೂ ಏಕಕಾಲದಲ್ಲಿ ಹಿಂಬಾಲಿಸಿ ನೋಡಿದರು. ಅವು ಯಾವ ಹೊತ್ತಿನಲ್ಲಿ ಏನನ್ನು ತಿನ್ನುತ್ತವೆಂಬುದನ್ನೂ ಪರಿಶೀಲಿಸಿದರು. ಚುಕ್ಕೆ ಡಾಲ್ಫಿನ್ ಮುಖ್ಯವಾಗಿ ಉಣ್ಣುವುದು ರಾತ್ರಿಯಲ್ಲಿ. ಹಗಲೆಲ್ಲ ಕತ್ತಲೆಯ ಆಳದಲ್ಲಿದ್ದು ಇರುಳಾದೊಡನೆ ಮೇಲಕ್ಕೇರಿ ಬರುವ ಸಣ್ಣ ಮೀನುಗಳು ಮತ್ತು ಕರಾವಳಿಯವರು ಬೊಂಡಾಸವೆನ್ನುವ ಸ್ಕ್ವಿಡ್ಡುಗಳು ಅದರ ಆಹಾರ. ಟ್ಯೂನಾ ಮುಖ್ಯವಾಗಿ ಉಣ್ಣುವುದು ಹಗಲಿನಲ್ಲಿ, ಮೇಲುನೀರಿನ ಜೀವಿಗಳನ್ನು. ಇರುಳು ಬಂದಾಗ ಇವೆರಡರ ಸಂಗ ಸಡಿಲವಾಗುತ್ತದೆ. ಹಗಲೇರಿದಂತೆ ಮತ್ತೆ ಕೂಡಿಕೊಳ್ಳುತ್ತದೆ. ಒಂದನ್ನು ಬಿಟ್ಟು ಮತ್ತೊಂದು ಇರಲಾರದೆಂಬ ಕಟ್ಟು ಅಲ್ಲಿಲ್ಲ. ಒಟ್ಟಿಗೆ ಇರುವುದರಿಂದ ತಿಮಿಂಗಿಲಜಾತಿಯ ಬೇಟೆಗಾರರಿಂದಲೂ ಶಾರ್ಕುಗಳಿಂದಲೂ ದೊರೆಯುವ ರಕ್ಷಣೆಯೇ ಈ ಸಹವಾಸಕ್ಕೆ ಕಾರಣವೆಂದು ಸಂಶೋಧಕರು ನಿರ್ಣಯಿಸಿದರು. ಆ ಭಾಗದ ಕಡಲಿನಲ್ಲಿ ಬೆಚ್ಚನೆಯ ನೀರಿನ ಪದರವು ತೆಳುವಾದುದು. ಅದರ ಕೆಳಗಿನ ತಣ್ಣೀರಿನಲ್ಲಿ ಪ್ರಾಣವಾಯು ಬಹು ಕಡಿಮೆ. ಆದುದರಿಂದ ಟ್ಯೂನಾ ಮೇಲುನೀರನ್ನು ಬಿಟ್ಟು ಬಹಳ ದೂರ ಇಳಿಯದು. ಆ ತೆಳುವಾದ ಅಂಗಳದಲ್ಲಿಯೇ ಇಬ್ಬರೂ ಇರಬೇಕಾಗಿದೆ, ಇಬ್ಬರೂ ಇದ್ದಾರೆ.

ಇಲ್ಲಿ ಗಮನಿಸತಕ್ಕ ಅಂಶವು ಒಂದುಂಟು. ಒಂದೇ ಅಂಗಳ, ಬಹುಮಟ್ಟಿಗೆ ಹೋಲುವ ಆಹಾರ. ಆದರೂ ಜಗಳಕ್ಕೆ ಅವಕಾಶ ಕಡಿಮೆ. ಒಂದರದು ಇರುಳಿನ ಊಟ, ಮತ್ತೊಂದರದು ಹಗಲಿನ ಊಟ. ಸ್ಪಿನ್ನರಿನ ಪಾಲು ಇನ್ನೂ ಆಳದಲ್ಲಿ. ಟ್ಯೂನಾ ಕೆಳಗಿನಿಂದ ಬೇಟೆಯನ್ನು ಮೇಲಕ್ಕೆ ಅಟ್ಟಿದಾಗ, ನೀರಿಗೆ ಇಳಿಯಲಾರದ ಹಕ್ಕಿಗಳಿಗೆ ಹಾರುಮೀನೂ ಸ್ಕ್ವಿಡ್ಡೂ ಕೊಕ್ಕಿಗೆ ನಿಲುಕುತ್ತವೆ. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಬಳಿಯಲ್ಲಿಯೂ ಡಾಲ್ಫಿನ್, ಟ್ಯೂನಾ ಮತ್ತು ಹಕ್ಕಿಗಳು ಒಂದೇ ಮೀನಿನ ಹಿಂಡಿನ ಸುತ್ತ ಕೂಡಿ ಉಣ್ಣುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಕಡಲು ಹಿಂಸೆಯಿಲ್ಲದ ತಾಣವೆಂದು ಇದರಿಂದ ಹೇಳಬರುವುದಿಲ್ಲ. ಪ್ರತಿಯೊಂದು ತುತ್ತೂ ಒಂದು ಜೀವವೇ. ಆದರೆ ಅಲ್ಲಿಯ ಹಿಂಸೆಗೆ ಒಂದು ಅಳತೆಯಿದೆ. ಹೊಟ್ಟೆ ತುಂಬಿದ ಮೇಲೆ ಬೇಟೆ ನಿಲ್ಲುತ್ತದೆ. ನಾಳೆಗೆಂದು ಕೂಡಿಡುವ ಕಣಜ ಟ್ಯೂನಾಕ್ಕಿಲ್ಲ; ನೆರೆಯವನ ಪಾಲನ್ನೂ ಬಾಚಿ ಮಾರುವ ಸಂತೆ ಡಾಲ್ಫಿನ್ನಿಗಿಲ್ಲ. ಮತ್ಸ್ಯನ್ಯಾಯವೆಂದು ಹೆಸರಾದುದರಲ್ಲಿ ನ್ಯಾಯದ ಒಂದಂಶವೂ ಇರುವುದೆಂದು ಇದರಿಂದ ತಿಳಿಯತಕ್ಕುದು.

ಹಾಗಾದರೆ ಇದನ್ನು ದಾಸೋಹವೆನ್ನಬಹುದೆ? ಭಾವುಕರು ಹೌದೆಂದು ಕೂಡಲೇ ಹೇಳಿಯಾರು. ಅದು ಆತುರದ ಮಾತು. ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಅಂತರವನ್ನು ಇಲ್ಲಿ ನೆನೆಯಬೇಕು. ದಾನ ಕೊಡುವವನಲ್ಲಿ, ಇದು ನನ್ನದು, ನಾನು ಕೊಡುತ್ತಿದ್ದೇನೆ, ಎಂಬ ಎಣಿಕೆ ಉಳಿದಿರುತ್ತದೆ. ದಾಸೋಹಿಯಲ್ಲಿ ಆ ಎಣಿಕೆ ಕರಗಿರುತ್ತದೆ. ಒಡವೆ ಒಡೆಯನದು, ತಾನು ದಾಸನು, ಜಂಗಮದ ಮುಂದೆ ಇಟ್ಟುದು ಅವರದೇ ಅವರಿಗೆ ಸಂದುದು, ಎಂಬ ಅರಿವು ಅವನದು. ಕಡಲಿನ ಜೀವಿಗೆ ಒಡೆತನವೆಂಬುದೇ ತಿಳಿಯದು. ತಿಳಿಯದ ಒಡೆತನವನ್ನು ಅದು ಬಿಟ್ಟುಕೊಡುವುದಾದರೂ ಹೇಗೆ? ಡಾಲ್ಫಿನ್ನು ಟ್ಯೂನಾಕ್ಕೆ ಹಗಲನ್ನು ಬಿಟ್ಟುಕೊಟ್ಟಿಲ್ಲ. ಅದರ ಬೇಟೆ ಇರುಳಿನಲ್ಲಿ ಮೇಲೆ ಬರುವುದರಿಂದ ಅದು ಇರುಳಿನಲ್ಲಿ ಉಣ್ಣುತ್ತದೆ, ಅಷ್ಟೆ. ಇದು ದೇಹದ ಮಿತಿ. ಆತ್ಮದ ಸಂಯಮವೆಂದು ಹೇಳಲಾಗದು.

ಇದರಿಂದ ಮೂರು ನೆಲೆಗಳು ಗೋಚರವಾಗುತ್ತವೆ. ಒಡೆತನವನ್ನು ಅರಿಯದಿರುವುದು ಮೊದಲನೆಯ ನೆಲೆ, ಅದು ಪ್ರಾಣಿಯದು. ಒಡೆತನವನ್ನು ಅರಿತು ಅದಕ್ಕೆ ಅಂಟಿಕೊಂಡಿರುವುದು ಎರಡನೆಯ ನೆಲೆ. ಅದು ಸಾಮಾನ್ಯ ಮನುಷ್ಯನದು. ಒಡೆತನವನ್ನು ಅರಿತು ಅದನ್ನು ಒಡೆಯನಿಗೆ ಒಪ್ಪಿಸಿರುವುದು ಮೂರನೆಯ ನೆಲೆ, ಅದು ಶರಣನದು. ಮೊದಲನೆಯದೂ ಮೂರನೆಯದೂ ಹೊರಗಿನಿಂದ ನೋಡುವವರಿಗೆ ಒಂದೇ ತೆರನಾಗಿ ಕಾಣುತ್ತವೆ: ಎರಡರಲ್ಲಿಯೂ ಕೂಡಿಡುವ ಆಸೆಯಿಲ್ಲ, ನೆರೆಯವನಿಗೆ ಅಡ್ಡಿಯಿಲ್ಲ. ಆದರೆ ಒಂದು ಅರಿವಿನ ಈಚೆಯ ದಡ, ಇನ್ನೊಂದು ಅರಿವಿನ ಆಚೆಯ ದಡ. ಬಸವಣ್ಣನವರು ಕಾಗೆಯನ್ನೂ ಕೋಳಿಯನ್ನೂ ಮನುಷ್ಯನ ಮುಂದೆ ನಿಲ್ಲಿಸಿ ಅವುಗಳ ಬಳಗಪ್ರೀತಿಯನ್ನು ತೋರಿದುದು ಪ್ರಸಿದ್ಧವಾಗಿದೆ. ಕಾಗೆಯು ಶರಣನೆಂಬುದು ಅದರ ಅಭಿಪ್ರಾಯವಲ್ಲ. ಅರಿವಿಲ್ಲದ ಹಕ್ಕಿಯಲ್ಲಿ ಸಹಜವಾಗಿ ಕಾಣುವುದು ಅರಿವುಳ್ಳ ಭಕ್ತನಲ್ಲಿ ಕಾಣದೆ ಹೋದರೆ ಆ ಅರಿವಿನಿಂದಾದ ಪ್ರಯೋಜನವೇನೆಂಬ ತೀಕ್ಷ್ಣವಾದ ಪ್ರಶ್ನೆ ಅದರೊಳಗಿದೆ. ಕಡಲಿನ ಪಂಕ್ತಿಯೂ ಅದೇ ಪ್ರಶ್ನೆಯನ್ನು ಕೇಳುತ್ತದೆ.

ಎರಡನೆಯ ನೆಲೆಯಲ್ಲಿ ನಿಂತ ಮನುಷ್ಯನು ಈ ಪಂಕ್ತಿಯನ್ನು ಕಂಡಾಗ ಏನು ಮಾಡಿದನೆಂಬುದಕ್ಕೆ ಚರಿತ್ರೆಯೇ ಸಾಕ್ಷಿಯಾಗಿದೆ. ಡಾಲ್ಫಿನ್ ಇದ್ದಲ್ಲಿ ಟ್ಯೂನಾ ಉಂಟೆಂಬುದನ್ನು ಮೀನುಗಾರರು ಬಹುಕಾಲದಿಂದ ಬಲ್ಲರು. ಮೊದಲು ಅವರು ಗಾಳದಿಂದ ಒಂದೊಂದೇ ಮೀನನ್ನು ಎತ್ತುತ್ತಿದ್ದರು. 1950ರ ದಶಕದಲ್ಲಿ ನೈಲಾನ್ ಬಲೆಯೂ ಅದನ್ನು ಎಳೆಯುವ ಯಂತ್ರವೂ ಬಳಕೆಗೆ ಬಂದುವು. ಆ ದಶಕದ ಕೊನೆಯ ವೇಳೆಗೆ ಸುಮಾರು ಒಂದು ಮೈಲಿ ಉದ್ದದ, ಕೆಳಬಾಯಿಯನ್ನು ಚೀಲದಂತೆ ಬಿಗಿಯುವ ಪರ್ಸ್ ಸೀನ್ ಬಲೆಗಳಿಂದ ಡಾಲ್ಫಿನ್ ಗುಂಪುಗಳನ್ನೇ ಸುತ್ತುವ ಪದ್ಧತಿ ಹಬ್ಬಿತು. ವೇಗದ ದೋಣಿಗಳು ಡಾಲ್ಫಿನ್‌ಗಳನ್ನು ಅಟ್ಟಿ ಒಂದೆಡೆಗೆ ಸೇರಿಸುವುವು. ಕೆಳಗಿನ ಟ್ಯೂನಾ ಅವುಗಳನ್ನು ಬಿಟ್ಟು ಅಗಲದು. ಬಲೆ ಎಲ್ಲವನ್ನೂ ಸುತ್ತುವುದು. ಉಸಿರಿಗಾಗಿ ಮೇಲಕ್ಕೆ ಬರಲೇಬೇಕಾದ ಡಾಲ್ಫಿನ್ ಬಲೆಯ ಮಡಿಕೆಯಲ್ಲಿ ಸಿಕ್ಕಿ ನೀರಿನಲ್ಲಿಯೇ ಉಸಿರುಗಟ್ಟಿ ಸಾಯುವುದು. 1960ರ ದಶಕದಲ್ಲಿ ಹೀಗೆ ಸತ್ತುವು ವರ್ಷಕ್ಕೆ ಲಕ್ಷಗಟ್ಟಲೆ. ಮೊದಲಿನಿಂದ ಒಟ್ಟು 60 ಲಕ್ಷಕ್ಕೂ ಮೀರಿ ಸತ್ತಿರಬೇಕೆಂದು ಅಂದಾಜು ಮಾಡಲಾಗಿದೆ. ಈಶಾನ್ಯ ಭಾಗದ ಚುಕ್ಕೆ ಡಾಲ್ಫಿನ್‌ಗಳ ಸಂಖ್ಯೆ ಮೊದಲಿದ್ದುದರ ಐದರಲ್ಲೊಂದು ಪಾಲಿಗೆ ಇಳಿಯಿತು. ಪರಸ್ಪರ ರಕ್ಷಣೆಗೆಂದು ಕೂಡಿಕೊಂಡ ಸಂಗವೇ ಇಬ್ಬರಿಗೂ ಮೃತ್ಯುವಿನ ಗುರುತಾಯಿತು.

ಆ ಮೀನುಗಾರರು ಕ್ರೂರಿಗಳಾಗಿದ್ದರೆ ವಿಷಯವು ಸುಲಭವಾಗುತ್ತಿತ್ತು. ಅವರನ್ನು ನಿಂದಿಸಿ ಕೈತೊಳೆದುಕೊಳ್ಳಬಹುದಾಗಿತ್ತು. ವಾಸ್ತವವು ಹಾಗಿಲ್ಲ. ಡಾಲ್ಫಿನ್ನಿನ ಸಾವು ಅವರಿಗೆ ಬೇಕಾಗಿರಲಿಲ್ಲ. ಹಡಗನ್ನು ಹಿಂದಕ್ಕೆ ನಡೆಸಿ, ಬಲೆಯ ಅಂಚನ್ನು ನೀರಿನೊಳಕ್ಕೆ ತಗ್ಗಿಸಿ, ಡಾಲ್ಫಿನ್‌ಗಳನ್ನು ಹೊರಕ್ಕೆ ಜಾರಿಸುವ ಉಪಾಯವನ್ನು ಕಂಡುಹಿಡಿದವರು ಆ ಮೀನುಗಾರರೇ. ಬಲೆಯೊಳಕ್ಕೆ ಇಳಿದು ಕೈಯಾರೆ ಅವುಗಳನ್ನು ಬಿಡಿಸಿದವರೂ ಉಂಟು. ಆದರೂ ಲಕ್ಷಗಟ್ಟಲೆ ಸತ್ತುವು. ದ್ವೇಷವಿಲ್ಲದೆಯೂ ಮಹಾಹಿಂಸೆ ನಡೆಯಬಹುದೆಂಬುದನ್ನು ಇದು ತೋರಿಸುತ್ತದೆ. ಅದಕ್ಕೆ ಬೇಕಾದುದು ಇಷ್ಟೇ: ಕೈಗೆ ಅಳತೆ ಮೀರಿದ ಶಕ್ತಿ ಬರಬೇಕು, ಮನಸ್ಸಿಗೆ ಅಳತೆ ಇಲ್ಲದಿರಬೇಕು.

ಜನರ ಕರುಣೆ ಎಚ್ಚೆತ್ತುದೂ ನಿಜವೇ. 1972ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಕಡಲ ಸಸ್ತನಿಗಳ ರಕ್ಷಣೆಗೆ ಕಾನೂನನ್ನು ಮಾಡಿತು. 1990ರಲ್ಲಿ ಡಾಲ್ಫಿನ್‌ಗೆ ಹಾನಿಯಿಲ್ಲದೆ ಹಿಡಿದ ಟ್ಯೂನಾದ ಡಬ್ಬಿಗೆ ಬೇರೆ ಗುರುತು ಹಾಕುವ ಕಾನೂನು ಬಂದಿತು. 1992ರ ಲಾ ಹೋಯಾ ಒಡಂಬಡಿಕೆ ಮತ್ತು 1999ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದಗಳ ಮೂಲಕ ಅನೇಕ ರಾಷ್ಟ್ರಗಳು ಸಾವಿಗೆ ಮಿತಿಯನ್ನು ಗೊತ್ತುಮಾಡಿ, ದೊಡ್ಡ ಹಡಗುಗಳಲ್ಲಿ ವೀಕ್ಷಕರನ್ನು ನೇಮಿಸಿದುವು. 1986ರಲ್ಲಿ ಒಂದು ಲಕ್ಷವನ್ನು ಮೀರಿದ್ದ ಸಾವು ಶತಮಾನದ ಕೊನೆಯ ವೇಳೆಗೆ ಎರಡು ಸಾವಿರಕ್ಕೂ ಕೆಳಗಿಳಿಯಿತು. ಇದು ಮನುಷ್ಯನಿಗೆ ಭೂಷಣವಾದ ಸಂಗತಿ.

ಆದರೂ ಎರಡು ಕೊರತೆಗಳು ಉಳಿದುವು. ಸಾವು ಕಡಿಮೆಯಾದ ಮೇಲೆ ಡಾಲ್ಫಿನ್‌ಗಳ ಸಂಖ್ಯೆ ನಿರೀಕ್ಷಿಸಿದಷ್ಟು ಬೇಗ ಚೇತರಿಸಿಕೊಳ್ಳಲಿಲ್ಲ. ಹಿಂದಿನ ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದ ವಿದ್ವಾಂಸರು 2001ರಲ್ಲಿ ಒಂದು ಮರುಕದ ಸಂಗತಿಯನ್ನು ಬಯಲಿಗೆ ತಂದರು: ಬಲೆಯಲ್ಲಿ ಸತ್ತ ಹಾಲೂಡುವ ತಾಯಂದಿರ ಸಂಖ್ಯೆಗೆ ತಕ್ಕಷ್ಟು ಮರಿಗಳು ಬಲೆಯಲ್ಲಿ ಇರಲಿಲ್ಲ. ಬೆನ್ನಟ್ಟುವ ದೋಣಿಗಳ ಗದ್ದಲದಲ್ಲಿ ತಾಯಿಯನ್ನು ಅಗಲಿದ ಮರಿಗಳು ಯಾವ ಲೆಕ್ಕಕ್ಕೂ ಸಿಕ್ಕದೆ ಕಡಲಿನಲ್ಲಿ ಉಳಿದುಹೋಗಿರಬೇಕು. ಎಣಿಕೆಗೆ ಬಂದ ಪಾಪಕ್ಕಿಂತ ಬಾರದ ಪಾಪವು ಹೆಚ್ಚಾಗಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಎರಡನೆಯ ಕೊರತೆ ಇನ್ನೂ ಸೂಕ್ಷ್ಮವಾದುದು. ಡಾಲ್ಫಿನ್ ಗುಂಪನ್ನು ಬಿಟ್ಟು ಟ್ಯೂನಾವನ್ನು ಹಿಡಿಯಲು ಹಡಗುಗಳು ತೇಲುವ ದಿಮ್ಮಿಗಳ ಮತ್ತು ಕೃತಕ ತೆಪ್ಪಗಳ ಸುತ್ತ ಬಲೆ ಬೀಸಿದುವು. ಅಂತಹ ವಸ್ತುಗಳ ನೆರಳಿನಲ್ಲಿಯೂ ಮೀನು ಕೂಡುತ್ತದೆ. ಅಲ್ಲಿ ಡಾಲ್ಫಿನ್ ಸಾಯಲಿಲ್ಲ; ಆದರೆ ಇನ್ನೂ ಬೆಳೆಯದ ಎಳೆಯ ಟ್ಯೂನಾಗಳೂ ಶಾರ್ಕುಗಳೂ ಇತರ ಮೀನುಗಳೂ ಕೆಲವೊಮ್ಮೆ ಕಡಲಾಮೆಗಳೂ ಬಲೆಗೆ ಬಿದ್ದುವು. ನಗುಮುಖದ ಜಾಣಪ್ರಾಣಿಗೆ ಕಣ್ಣೀರಿಟ್ಟ ಲೋಕವು ಮುಖವಿಲ್ಲದಂತೆ ತೋರುವ ಜೀವಿಗಳಿಗೆ ಅಷ್ಟು ಮರುಗಲಿಲ್ಲ. ಟ್ಯೂನಾದ ಸಾವಂತೂ ಯಾರ ಲೆಕ್ಕದಲ್ಲಿಯೂ ಸಾವಾಗಿರಲಿಲ್ಲ. ಅದು ಡಬ್ಬಿಯ ತೂಕವಾಗಿತ್ತು. ತನಗೆ ಪ್ರಿಯವಾದುದನ್ನು ಉಳಿಸುವುದು ಕರುಣೆಯ ಆರಂಭವೇ ಹೊರತು ಅದರ ಪೂರ್ಣತೆಯಲ್ಲ. ಶರಣರು ಹೇಳಿದ ದಯೆಯು ಸಕಲ ಪ್ರಾಣಿಗಳನ್ನು ಕುರಿತದ್ದು. ಅದರಲ್ಲಿ ಚೆಲುವು, ಜಾಣ್ಮೆ, ಹತ್ತಿರದ ನಂಟುಗಳೆಂಬ ಆಯ್ಕೆಯಿಲ್ಲ.

ಇಷ್ಟನ್ನು ಕೇಳಿದ ಶಿವಭಕ್ತರಲ್ಲಿ ಒಂದು ಆಕ್ಷೇಪಣೆ ಹುಟ್ಟುವುದು ಸಹಜ. ಮೀನು ಮಾಂಸಗಳನ್ನು ಮುಟ್ಟದವರಿಗೆ ಈ ಬಲೆಯ ಸುದ್ದಿಯಿಂದ ಆಗಬೇಕಾದುದೇನು? ಹಿಂಸೆ ತಿನ್ನುವವನದು, ತಿನ್ನದವನದಲ್ಲ, ಎಂಬುದು ಆ ಆಕ್ಷೇಪಣೆ. ಅಹಿಂಸೆಯ ಆಹಾರವು ಶ್ರೇಷ್ಠವಾದ ವ್ರತ, ಅದರಲ್ಲಿ ಸಂದೇಹವಿಲ್ಲ. ಆದರೆ ಏನನ್ನು ಉಣ್ಣಬೇಕೆಂಬ ಪ್ರಶ್ನೆಗೆ ಉತ್ತರ ಕೊಟ್ಟವನು ಎಷ್ಟನ್ನು ತೆಗೆದುಕೊಳ್ಳಬೇಕೆಂಬ ಪ್ರಶ್ನೆಯಿಂದ ಮುಕ್ತನಾಗುವುದಿಲ್ಲ. ಇದಕ್ಕೆ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯೇ ಪ್ರಮಾಣ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಕೈಕೊಂಡ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡೊಡನೆ, ಹೆಚ್ಚಾದುದನ್ನು ತಂದಲ್ಲಿಯೇ ಹಾಕಿ ಬರಬೇಕೆಂದು ಪತಿಯನ್ನು ಹಿಂದಕ್ಕೆ ಕಳುಹಿದರು. ಆ ಅಕ್ಕಿಯಲ್ಲಿ ಮಾಂಸವಿರಲಿಲ್ಲ, ಕಳವಿರಲಿಲ್ಲ; ಅದನ್ನು ಬೇಡವೆಂದವರೂ ಇರಲಿಲ್ಲ. ಅದನ್ನು ಜಂಗಮ ದಾಸೋಹಕ್ಕೇ ಬಳಸಬಹುದಾಗಿತ್ತು. ಆದರೂ ಆ ತಾಯಿಗೆ ಅದರಲ್ಲಿ ಆಸೆಯ ಬಲೆ ಕಂಡಿತು. ಒಳ್ಳೆಯ ಕಾರ್ಯಕ್ಕೆಂದು ಹೆಚ್ಚು ತೆಗೆದುಕೊಳ್ಳುವುದೂ ಹೆಚ್ಚು ತೆಗೆದುಕೊಳ್ಳುವುದೇ.

ಈ ಬಲೆ ದೂರದ ಸಾಗರದ್ದು ಮಾತ್ರವಲ್ಲವೆಂಬುದನ್ನೂ ಮರೆಯಲಾಗದು. ಕನ್ನಡ ಕರಾವಳಿಯಲ್ಲಿ ಹಿಂದೆ ರಂಪಣಿ ಎಂಬ ದೊಡ್ಡ ಬಲೆಯಿತ್ತು. ಹತ್ತಾರು ಜನ ದಡದಲ್ಲಿ ನಿಂತು ಕೂಡಿ ಎಳೆದು, ಬಂಗುಡೆ ಭೂತಾಯಿಗಳ ಹಿಡಿಯನ್ನು ಪಾಲುಮಾಡಿಕೊಳ್ಳುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸ್ ಸೀನ್ ದೋಣಿಗಳು ಆ ಕಡಲಿಗೂ ಬಂದುವು. ಮೀನು ದಡಕ್ಕೆ ಬರುವ ಮೊದಲೇ ಬಲೆಗೆ ಬೀಳತೊಡಗಿತು, ಕಲಹಗಳಾದುವು, ರಂಪಣಿಯು ಕ್ರಮೇಣ ಮೂಲೆ ಸೇರಿತು. ಅದರೊಡನೆ ಪಾಲಿನ ಪದ್ಧತಿಯೂ ಸೊರಗಿತು. ಅಂತೆಯೇ ನೀರಾವರಿಯ ಕಾಲುವೆಯ ಮೇಲ್ತುದಿಯಲ್ಲಿದ್ದವನು ಕೊನೆಯಂಚಿನವನ ನೀರನ್ನು ಹಿಡಿದಿಟ್ಟರೆ, ವರ್ತಕನು ಕ್ಷಾಮಕಾಲದಲ್ಲಿ ಧಾನ್ಯವನ್ನು ಕಟ್ಟಿಹಾಕಿದರೆ, ಕೊಳವೆಬಾವಿಯುಳ್ಳವನು ನೆರೆಯವನ ತೆರೆದ ಬಾವಿ ಬತ್ತುವಷ್ಟು ಎತ್ತಿದರೆ, ಅಲ್ಲಿ ಬೀಸಿದುದೂ ಅದೇ ಬಲೆ. ಹಿಡಿದುದು ಮೀನಾಗಿರಲಿಲ್ಲವೆಂಬ ಮಾತ್ರಕ್ಕೆ ಹಿಡಿದವನು ಶುದ್ಧನಾಗಲಾರನು.

ಅಷ್ಟಾವರಣಗಳಲ್ಲಿ ಪ್ರಸಾದವೆಂಬ ತತ್ತ್ವದ ಹಿರಿಮೆ ಇಲ್ಲಿ ಮನವರಿಕೆಯಾಗುತ್ತದೆ. ಉಣ್ಣುವ ಮೊದಲು ಅರ್ಪಿಸುವುದು, ಅರ್ಪಿಸಿದ ಮೇಲೆ ಬಂದುದನ್ನು ಕೊಂಬುದು, ಇದು ಪ್ರಸಾದಿಯ ನಡೆ. ಅರ್ಪಿಸಲು ಕೈಯೆತ್ತಿದವನು ಒಂದು ಕ್ಷಣ ನಿಲ್ಲಲೇಬೇಕಾಗುತ್ತದೆ. ಇದು ಎಲ್ಲಿಂದ ಬಂದಿತು, ಯಾರ ಪಾಲು ಇದರೊಳಗೆ ಸೇರಿದೆ, ಲಿಂಗಕ್ಕೆ ತೋರಲು ಇದು ತಕ್ಕುದೆ, ಎಂಬ ಅವಧಾನವು ಆ ಕ್ಷಣದಲ್ಲಿ ಹುಟ್ಟುತ್ತದೆ. ನೆರೆಯವನಿಂದ ಕಸಿದುದನ್ನು ಲಿಂಗದ ಮುಂದೆ ಹಿಡಿಯಲು ಕೈ ಅಳುಕುತ್ತದೆ. ಡಾಲ್ಫಿನ್ನಿಗೂ ಟ್ಯೂನಾಕ್ಕೂ ಹೊಟ್ಟೆಯೇ ಅಳತೆಗೋಲು. ಇರುಳೂ ಹಗಲೂ, ಬೆಚ್ಚನೆಯ ನೀರೂ ತಣ್ಣೀರೂ ಅವುಗಳಿಗೆ ಗಡಿ. ಮನುಷ್ಯನು ದೀಪದಿಂದ ಇರುಳನ್ನು ಗೆದ್ದನು, ಯಂತ್ರದಿಂದ ಆಳವನ್ನು ಗೆದ್ದನು, ಉಗ್ರಾಣದಿಂದ ಹೊಟ್ಟೆಯ ಅಳತೆಯನ್ನೂ ಮೀರಿದನು. ಪ್ರಕೃತಿಯು ಹಾಕಿದ ಗಡಿಗಳನ್ನು ಒಂದೊಂದಾಗಿ ದಾಟಿದವನಿಗೆ ತಾನೇ ಹಾಕಿಕೊಳ್ಳುವ ಗಡಿಯೊಂದು ಇಲ್ಲದಿದ್ದರೆ ಅವನ ಬಲೆಗೆ ಕೊನೆಯಾದರೂ ಎಲ್ಲಿ? ಆ ಗಡಿಯನ್ನು ಹೊರಗಿನಿಂದ ಹಾಕುವುದು ಕಾನೂನು. ಒಳಗಿನಿಂದ ಹಾಕಿಕೊಳ್ಳುವುದು ಪ್ರಸಾದಭಾವ. ಎರಡೂ ಬೇಕು. ವೀಕ್ಷಕನಿಲ್ಲದ ಹಡಗಿನಲ್ಲಿ ಎರಡನೆಯದೊಂದೇ ಉಳಿಯುತ್ತದೆ.

ಮತ್ಸ್ಯನ್ಯಾಯವನ್ನು ಮುಂದೊಡ್ಡಿ ತನ್ನ ಅತಿಯಾಸೆಯನ್ನು ಸಮರ್ಥಿಸಿಕೊಳ್ಳುವವನಿಗೆ ಮೀನುಗಳು ಸಾಕ್ಷಿ ಹೇಳುವುದಿಲ್ಲ. ಅವು ತಮ್ಮ ಹೊತ್ತಿಗೆ ಉಂಡು, ತಮ್ಮ ನೀರಿನಲ್ಲಿ ಈಜಿ, ನೆರೆಯವರೊಡನೆ ದಾರಿ ಸಾಗಿಸುತ್ತವೆ. ಅವುಗಳಿಗೆ ಅರಿವಿಲ್ಲದೆ ಸಾಧ್ಯವಾದುದು ಮನುಷ್ಯನಿಗೆ ಅರಿತು ಸಾಧ್ಯವಾಗಬೇಕಾಗಿದೆ. ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸಲು ಕಲ್ಯಾಣದ ಅಂಗಳಕ್ಕೆ ಮರಳಿದ ಮಾರಯ್ಯನವರ ಹೆಜ್ಜೆಗಳು ತೋರಿದ ದಾರಿಯು ಇಂದಿಗೂ ತೆರೆದೇ ಇದೆ. ಪ್ರತಿದಿನದ ಸಂಪಾದನೆಯನ್ನು ಮನೆಗೆ ತಂದಾಗ ಅದರಲ್ಲಿ ಹಿಂದಿರುಗಿಸಬೇಕಾದುದು ಎಷ್ಟೆಂದು ಕೇಳಿಕೊಳ್ಳುವ ಮನೆಯಲ್ಲಿ ಪ್ರಸಾದವು ನೆಲೆಗೊಳ್ಳುತ್ತದೆ.